ನೈಜೀರಿಯಾದಲ್ಲಿ ಕೂಲ್ ಡ್ರಿಂಕ್ಸ್ ವ್ಯಾಪಾರ: ಬಾಯಾರಿಕೆ ಇದೆ, ಲೆಕ್ಕ ಬೇರೆ

ಪ್ರಶ್ನೆ: ಸರ್, ದಾವಣಗೆರೆ ಹತ್ತಿರ ನಮ್ಮದೊಂದು ಸಣ್ಣ ಸೋಡಾ ಮತ್ತು ಜೀರಾ ಯೂನಿಟ್ ಇದೆ. ನಮ್ಮ ಭಾವ ಕೆಲವು ವರ್ಷದಿಂದ ಲಾಗೋಸ್‌ನಲ್ಲಿ ಕೆಲಸದಲ್ಲಿದ್ದಾರೆ. ‘ಇಲ್ಲಿ ಇಪ್ಪತ್ತು ಕೋಟಿ ಮೀರಿ ಜನ ಇದ್ದಾರೆ, ವರ್ಷವಿಡೀ ಸೆಕೆ, ಎಲ್ಲರ ಕೈಯಲ್ಲೂ ಒಂದು ಬಾಟಲಿ, ಒಂದು ಕಂಟೇನರ್ ಕಳಿಸು ನೋಡೋಣ’ ಅನ್ನುತ್ತಾರೆ. ಕಳಿಸಬಹುದಾ? ಇಲ್ಲದಿದ್ದರೆ ಅಲ್ಲೇ ಸಣ್ಣ ಫ್ಯಾಕ್ಟರಿ ಹಾಕಿದರೆ ಕೋಕ್, ಪೆಪ್ಸಿ ಎದುರು ನಿಲ್ಲೋಕೆ ಆಗುತ್ತಾ?

ಉತ್ತರ: ಕಂಟೇನರ್ ವಿಷಯ ಮೊದಲು ಮುಗಿಸಿಬಿಡೋಣ. ಕಳಿಸಬೇಡಿ. ನೈಜೀರಿಯಾದ ಕಸ್ಟಮ್ಸ್ ಇಲಾಖೆ ಆಮದು ನಿಷೇಧದ ಒಂದು ಪಟ್ಟಿ ಇಟ್ಟುಕೊಂಡಿದೆ. ಸಕ್ಕರೆ ಅಥವಾ ಫ್ಲೇವರ್ ಹಾಕಿದ ಸೋಡಾ ನೀರು, ರೀಟೇಲ್ ಪ್ಯಾಕಿನ ಹಣ್ಣಿನ ರಸ, ಬಿಯರ್ ಎಲ್ಲವೂ ಅದರಲ್ಲಿವೆ. ಎನರ್ಜಿ ಡ್ರಿಂಕ್‌ನಂಥವಕ್ಕೆ ಮಾತ್ರ ವಿನಾಯಿತಿ. 150 ಎಂಎಲ್‌ಗಿಂತ ದೊಡ್ಡ ಖಾಲಿ ಗಾಜಿನ ಬಾಟಲಿಯನ್ನು ಕೂಡ ತರುವಂತಿಲ್ಲ. ನಿಮ್ಮ ಜೀರಾ ಅಪಾಪಾ ಬಂದರಿನಲ್ಲಿ ಇಳಿದರೆ ಅಲ್ಲೇ ಕೂರುತ್ತದೆ. ಪಕ್ಕದ ಬೆನಿನ್ ದೇಶದ ಕೊಟೊನು ಬಂದರಿನಲ್ಲಿ ಇಳಿಸಿ ರಸ್ತೆ ಮೇಲೆ ದಾಟಿಸೋಣ ಅಂತ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಅಕ್ಕಿ, ಫ್ರೋಜನ್ ಕೋಳಿ, ಹಳೇ ಕಾರು ಎಲ್ಲ ಆ ದಾರಿಯಲ್ಲಿ ಹೋಗಿದ್ದು ನಿಜ. ಆದರೆ ಅದು ಕಳ್ಳಸಾಗಣೆ. 2019ರ ಆಗಸ್ಟ್‌ನಲ್ಲಿ ಇದೇ ಕಾರಣಕ್ಕೆ ಸರ್ಕಾರ ಭೂಗಡಿಯನ್ನೇ ಮುಚ್ಚಿತು, 2020ರ ಡಿಸೆಂಬರ್‌ವರೆಗೂ ತೆಗೆಯಲಿಲ್ಲ. ಆಗ ದಾರಿಯಲ್ಲಿ ಸಿಕ್ಕಿಹಾಕಿಕೊಂಡ ಸರಕಿನ ಮಾಲೀಕರ ಗತಿ ಏನಾಗಿರಬೇಕು ನೀವೇ ಯೋಚಿಸಿ.

ಹಾಗಾಗಿ ಮಾರಬೇಕೆಂದರೆ ಅಲ್ಲೇ ತಯಾರಿಸಬೇಕು. ಇದು ನಿಮ್ಮ ಎರಡನೇ ಪ್ರಶ್ನೆ, ಇದಕ್ಕೆ ಸ್ವಲ್ಪ ಉದ್ದದ ಉತ್ತರವೇ ಬೇಕು.

ಯಾರ ಎದುರು ನಿಲ್ಲಬೇಕು ಅನ್ನೋದು ಮೊದಲು ಗೊತ್ತಿರಲಿ. ಕೋಕಾ ಕೋಲಾವನ್ನು ಅಲ್ಲಿ ಬಾಟಲಿಗೆ ತುಂಬಲು ಶುರು ಮಾಡಿದ್ದು ಲೆವೆಂಟಿಸ್ ಎಂಬ ಸೈಪ್ರಸ್ ಮೂಲದ ಗ್ರೀಕ್ ವ್ಯಾಪಾರಿ ಮನೆತನ. ಅವರ ನೈಜೀರಿಯನ್ ಬಾಟ್ಲಿಂಗ್ ಕಂಪನಿ ಹುಟ್ಟಿದ್ದು 1951ರಲ್ಲಿ, ಮೊದಲ ಬಾಟಲಿ ತುಂಬಿದ್ದು 1953ರಲ್ಲಿ. ಅಂದರೆ ದೇಶಕ್ಕೆ ಸ್ವಾತಂತ್ರ್ಯ ಬರುವುದಕ್ಕೂ ಏಳು ವರ್ಷ ಮೊದಲು. ಇದೇ ಬಳಗ 1981ರಲ್ಲಿ ಗ್ರೀಸ್‌ನ ಕೋಕ್ ಬಾಟ್ಲಿಂಗ್ ಕಂಪನಿಯನ್ನು ಕೊಂಡಿತು, ಅದೇ ಮುಂದೆ ಯುರೋಪಿನ ಎಷ್ಟೋ ದೇಶಗಳಿಗೆ ಕೋಕ್ ತುಂಬುವ ಕೋಕಾ ಕೋಲಾ ಎಚ್‌ಬಿಸಿ ಆಯಿತು. ಲಾಗೋಸ್ ಮೊದಲು, ಅಥೆನ್ಸ್ ಆಮೇಲೆ. ಪೆಪ್ಸಿ ಕಡೆಯ ಕಥೆ ಲೆಬನಾನಿನವರದು. ಮೊಹಮ್ಮದ್ ಎಲ್-ಖಲೀಲ್ 1926ರಲ್ಲಿ ನೈಜೀರಿಯಾಕ್ಕೆ ಬಂದು, ಟ್ರಾನ್ಸ್‌ಪೋರ್ಟ್ ವ್ಯವಹಾರದಲ್ಲಿ ಬೆಳೆದು, ಆಮೇಲೆ ಸೆವೆನ್ ಅಪ್ ಬಾಟ್ಲಿಂಗ್ ಕಂಪನಿ ಕಟ್ಟಿದರು. ಅವರ ಮೊದಲ ಬಾಟಲಿ ಹೊರಬಂದಿದ್ದು 1960ರ ಅಕ್ಟೋಬರ್ 1ರಂದು, ದೇಶ ಸ್ವತಂತ್ರವಾದ ದಿನವೇ. ಪೆಪ್ಸಿ ಅವರ ಕೈಗೆ ಬಂದಿದ್ದು 1990ರ ದಶಕದ ಶುರುವಿನಲ್ಲಿ.

ಈ ಇಬ್ಬರೇ ಎಷ್ಟೋ ದಶಕ ಇಡೀ ಮಾರುಕಟ್ಟೆಯನ್ನು ಹಂಚಿಕೊಂಡು ಆರಾಮಾಗಿದ್ದರು. ಅವರನ್ನು ಕಾಯುತ್ತಿದ್ದಿದ್ದು ಗಾಜಿನ ಬಾಟಲಿ. 24 ಬಾಟಲಿಯ ಒಂದು ಕ್ರೇಟು ಬೇಕಾದರೆ 24 ಖಾಲಿ ಬಾಟಲಿ ಕೊಡಬೇಕು, ಇಲ್ಲದಿದ್ದರೆ ಡಿಪಾಸಿಟ್ ಇಡಬೇಕು. ಅಂಗಡಿಯವನ ಬಂಡವಾಳದ ದೊಡ್ಡ ಪಾಲು ಖಾಲಿ ಕ್ರೇಟಿನಲ್ಲೇ ಕೂತಿರುತ್ತದೆ. ಯಾರ ಖಾಲಿ ಬಾಟಲಿ ಅವನ ಹತ್ತಿರ ಇದೆಯೋ ಅವರ ಸರಕನ್ನೇ ಅವನು ಮತ್ತೆ ಕೊಳ್ಳುತ್ತಾನೆ. ಹೊಸಬರು ಒಳಗೆ ಬರಬೇಕಾದರೆ ಪಾನೀಯದ ಜೊತೆ ಲಕ್ಷಗಟ್ಟಲೆ ಬಾಟಲಿಯನ್ನೂ ಊರ ತುಂಬ ಹರಡಬೇಕು, ಅದೂ ಮೊದಲ ದಿನವೇ. ಅಷ್ಟು ದುಡ್ಡು ಯಾರ ಹತ್ತಿರ ಇರುತ್ತೆ?

ಈ ಬೇಲಿಗೆ ಮೊದಲು ಕಿಂಡಿ ಕೊರೆದಿದ್ದು ಲಾ ಕಸೇರಾ ಎಂಬ ಸೇಬಿನ ರುಚಿಯ ಪಾನೀಯ. 2001ರಲ್ಲಿ ಅದು ಪೆಟ್ ಬಾಟಲಿಯಲ್ಲಿ, ಅಂದರೆ ಪ್ಲಾಸ್ಟಿಕ್ ಬಾಟಲಿಯಲ್ಲಿ ಬಂತು. ಬಾಟಲಿ ವಾಪಸ್ ಕೊಡುವ ಗೋಜು ಇಲ್ಲ ಅಂದಮೇಲೆ ಅದನ್ನು ಟ್ರಾಫಿಕ್ ಜಾಮಿನಲ್ಲಿ ನಿಂತ ಬಸ್ಸಿನ ಕಿಟಕಿಗೂ ಮಾರಬಹುದು. ಲಾಗೋಸ್‌ನ ಜಾಮ್ ಬಗ್ಗೆ ನಿಮ್ಮ ಭಾವನವರನ್ನೇ ಕೇಳಿ, ಬೆಂಗಳೂರಿನವರಿಗೂ ಸುಸ್ತಾಗುತ್ತದೆ. ಗಾಲಾ ಅಂತ ಒಂದು ಸಾಸೇಜ್ ರೋಲ್ ಸಿಗುತ್ತದೆ, ಯುಎಸಿ ಕಂಪನಿಯದು. ಒಂದು ಗಾಲಾ, ಒಂದು ಲಾ ಕಸೇರಾ, ಅದೇ ಎಷ್ಟೋ ವರ್ಷ ಜಾಮಿನಲ್ಲಿ ಸಿಕ್ಕವರ ಮಧ್ಯಾಹ್ನದ ಊಟ. ರಸ್ತೆ ಮೇಲೆ ಮಾರುವುದನ್ನು ತಡೆಯೋಕೆ ಲಾಗೋಸ್ ರಾಜ್ಯದಲ್ಲಿ 2003ರಿಂದ ಕಾನೂನಿದೆ, 2016ರಲ್ಲಿ ಅದನ್ನು ಜೋರಾಗಿ ಜಾರಿ ಮಾಡಲು ಹೊರಟರು. ಹುಡುಗರು ಇವತ್ತಿಗೂ ಓಡಾಡುತ್ತಲೇ ಇದ್ದಾರೆ.

ನಿಮಗೆ ನಿಜಕ್ಕೂ ಉಪಯೋಗಕ್ಕೆ ಬರುವ ಕಥೆ ಬಿಗಿ ಕೋಲಾದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ‘ಕೋಕ್, ಪೆಪ್ಸಿ ಎದುರು ನಿಲ್ಲಬಹುದಾ’ ಅನ್ನೋ ಪ್ರಶ್ನೆಗೆ ಅಲ್ಲಿ ಆಗಲೇ ಉತ್ತರ ಸಿಕ್ಕಿದೆ.

2016ರಲ್ಲಿ ನೈಜೀರಿಯಾದ ಆರ್ಥಿಕತೆ ಕುಸಿಯಿತು. ಕಚ್ಚಾ ತೈಲದ ಬೆಲೆ ಬಿದ್ದಿತ್ತು, ದೇಶಕ್ಕೆ ಬರುವ ಡಾಲರ್‌ನಲ್ಲಿ ಬಹುಪಾಲು ತೈಲದ್ದೇ. ಜೂನ್‌ವರೆಗೆ ಒಂದು ಡಾಲರ್‌ಗೆ 197 ನೈರಾ (ನೈರಾ ಅಂದರೆ ಅಲ್ಲಿನ ದುಡ್ಡು) ಅಂತ ಹಿಡಿದಿಟ್ಟಿದ್ದ ರೇಟನ್ನು ಸಡಿಲ ಬಿಟ್ಟ ಕೂಡಲೇ ಅದು 280 ದಾಟಿತು. ಸಕ್ಕರೆ, ಪ್ಲಾಸ್ಟಿಕ್, ರುಚಿ ಕೊಡುವ ಕಾನ್ಸನ್‌ಟ್ರೇಟ್ ಎಲ್ಲದರ ಬೆಲೆ ಏರಿತು. ದೊಡ್ಡ ಕಂಪನಿಗಳ 500 ಎಂಎಲ್ ಪೆಟ್ ಬಾಟಲಿ 100 ನೈರಾದಿಂದ 150ಕ್ಕೆ ಹೋಯಿತು. ಆ ಹೊತ್ತಿಗೆ ಸರಿಯಾಗಿ ರೈಟ್ ಫುಡ್ಸ್ ಎಂಬ ಸ್ಥಳೀಯ ಕಂಪನಿ ಬಿಗಿ ಹೆಸರಿನಲ್ಲಿ ಕೋಲಾ, ಆರೆಂಜ್, ಸೇಬು, ಟ್ರಾಪಿಕಲ್ ಅಂತ ಹಲವು ರುಚಿಗಳನ್ನು ಬಿಟ್ಟಿತು. 600 ಎಂಎಲ್ ಬಾಟಲಿ, ಬೆಲೆ 100 ನೈರಾ. ಒಂದೇ ನೋಟು, ಚಿಲ್ಲರೆ ಮಾತೇ ಇಲ್ಲ. ಜಾಮಿನಲ್ಲಿ ಬಸ್ಸು ಚಲಿಸುತ್ತಿರುವಾಗ ಐವತ್ತರ ಚಿಲ್ಲರೆ ಹುಡುಕುವವರು ಯಾರು ಹೇಳಿ?

ರೈಟ್ ಫುಡ್ಸ್‌ನವರು ಆಕಾಶದಿಂದ ಉದುರಿದವರಲ್ಲ ಅನ್ನೋದನ್ನು ಗಮನಿಸಿ. ಅವರು ಅದಕ್ಕೂ ಮೊದಲೇ ಸಾಸೇಜ್ ರೋಲ್ ಮಾರುತ್ತಿದ್ದರು. ರಸ್ತೆ ಹುಡುಗರು, ಸಣ್ಣ ಗೂಡಂಗಡಿ, ಹೋಲ್‌ಸೇಲ್ ಡಿಪೋ ಎಲ್ಲರ ಪರಿಚಯ ಇತ್ತು. ಫ್ಯಾಕ್ಟರಿಯನ್ನು ಓಗುನ್ ರಾಜ್ಯದ ಒಸೊಸಾದಲ್ಲಿ ಹಾಕಿದರು, ಲಾಗೋಸ್‌ನಿಂದ ಪೂರ್ವಕ್ಕೆ ಹೋಗುವ ಹೆದ್ದಾರಿಗೆ ಹತ್ತಿರ. ಅದಕ್ಕೂ ಸ್ವಲ್ಪ ಮೊದಲು ಪೆರು ದೇಶದ ಆಹೆ ಬಳಗದ ಬಿಗ್ ಕೋಲಾ ‘ದೊಡ್ಡ ಬಾಟಲಿ, ಸಣ್ಣ ಬೆಲೆ’ ಅಂತಲೇ ಬಂದಿತ್ತು. ಆ ಬಳಗ 1988ರಲ್ಲಿ ಪೆರುವಿನ ಆಯಾಕುಚೊದಲ್ಲಿ ಹುಟ್ಟಿದ್ದು, ಬಂಡುಕೋರರ ಕಾಟಕ್ಕೆ ದೊಡ್ಡ ಕಂಪನಿಗಳ ಲಾರಿ ಆ ಕಡೆ ಸರಿಯಾಗಿ ಬರದ ಕಾಲದಲ್ಲಿ. ಅಗ್ಗದ ಕೋಲಾ ಅನ್ನೋ ದಾರಿ ತೋರಿಸಿದ್ದು ಅವರೇ ಇರಬಹುದು. ಆದರೆ ನೈಜೀರಿಯಾದಲ್ಲಿ ಆ ದಾರಿಯನ್ನು ದೊಡ್ಡದು ಮಾಡಿದ್ದು ಬಿಗಿ.

ಪೆಪ್ಸಿಯವರು ಬಾಟಲಿಯನ್ನೇ ಉದ್ದ ಮಾಡಿ ‘ಲಾಂಗ್ ಥ್ರೋಟ್’ ಅಂತ ಹೆಸರಿಟ್ಟು 600 ಎಂಎಲ್ ಕೊಡಬೇಕಾಯಿತು. ಕೋಕ್ ಕಡೆಯವರೂ ಬೆಲೆ, ಸೈಜು ಎರಡನ್ನೂ ಮತ್ತೆ ಕೂತು ಲೆಕ್ಕ ಹಾಕಿದರು. ಇಲ್ಲಿ ರಿಲಯನ್ಸ್‌ನವರು 2023ರಲ್ಲಿ ಕ್ಯಾಂಪಾವನ್ನು 200 ಎಂಎಲ್‌ಗೆ 10 ರೂಪಾಯಿ ಅಂತ ತಂದಾಗ ಆಗಿದ್ದೂ ಇಂಥದ್ದೇ. ಒಂದು ವ್ಯತ್ಯಾಸ ಇದೆ, ರಿಲಯನ್ಸ್‌ಗೆ ಹಿಂದೆ ದುಡ್ಡಿನ ಗುಡ್ಡ ಇತ್ತು, ರೈಟ್ ಫುಡ್ಸ್ ಒಂದು ಮನೆತನದ ಕಂಪನಿ. ಆಮೇಲೆ ಅವರು ಫಿಯರ್‌ಲೆಸ್ ಅಂತ ಎನರ್ಜಿ ಡ್ರಿಂಕ್ ತಂದರು, ಅದೂ ಪೆಟ್ ಬಾಟಲಿಯಲ್ಲಿ, ಸಿಂಹದ ಚಿತ್ರ ಹಾಕಿ. ‘ಕೋಕ್ ಬಾಟ್ಲಿಂಗ್ ಕಂಪನಿಯ ಪ್ರಿಡೇಟರ್ ಎನರ್ಜಿ ಡ್ರಿಂಕ್ ನಮ್ಮ ಸಿಂಹವನ್ನು ಹೋಲುತ್ತದೆ’ ಅಂತ 2022ರಲ್ಲಿ ಕೋರ್ಟಿಗೂ ಹೋದರು. ಆರು ವರ್ಷದ ಹಿಂದೆ ಮಾರುಕಟ್ಟೆಯಲ್ಲೇ ಇಲ್ಲದವರು ಕೋಕ್‌ನವರನ್ನು ಕೋರ್ಟಿಗೆ ಎಳೆಯುವಷ್ಟು ಬೆಳೆದಿದ್ದರು.

ಹಾಗಾದರೆ ನಿಲ್ಲಬಹುದು, ಅಲ್ವಾ? ಅವರು ನಿಂತರು, ನಿಜ. ಆದರೆ ಅವರಿಗೆ ಇದ್ದದ್ದು ಮೂರು: ಮೊದಲೇ ಬೇರೂರಿದ ಮಾರಾಟದ ಜಾಲ, ದೊಡ್ಡ ಫ್ಯಾಕ್ಟರಿಗೆ ಬಂಡವಾಳ, ಸರಿಯಾದ ಹೊತ್ತು. ನಿಮ್ಮ ಹತ್ತಿರ ಈ ಮೂರರಲ್ಲಿ ಸದ್ಯಕ್ಕೆ ಒಂದೂ ಇಲ್ಲ. ಬೇಜಾರಾಗಬೇಡಿ, ದುಡ್ಡು ನಿಮ್ಮದು ಅಂತ ನೇರವಾಗಿ ಹೇಳುತ್ತಿದ್ದೇನೆ.

ಈಗ ಡಾಲರ್‌ಗೆ ಬರೋಣ. ದಾವಣಗೆರೆಯಲ್ಲಿ ಕೂತು ನೀವು ಡಾಲರ್ ರೇಟು ನೋಡಿ ಸೋಡಾ ಮಾಡಲ್ಲ. ಅಲ್ಲಿ ನೋಡಲೇಬೇಕು. ನಮಗೆ ಸಕ್ಕರೆ ಮಂಡ್ಯ, ಬೆಳಗಾವಿಯಿಂದ ಬರುತ್ತದೆ. ಅವರಿಗೆ ಬರುವುದು ಬ್ರೆಜಿಲ್‌ನಿಂದ, ಕಚ್ಚಾ ಸಕ್ಕರೆಯಾಗಿ ಹಡಗಿನಲ್ಲಿ. ಅದನ್ನು ಡಾಂಗೋಟೆ, ಬಿಯುಎ, ಫ್ಲೋರ್ ಮಿಲ್ಸ್‌ನ ಗೋಲ್ಡನ್ ಶುಗರ್ ಎಂಬ ಮೂರು ದೊಡ್ಡ ಕಂಪನಿಗಳು ಶುದ್ಧ ಮಾಡಿ ಮಾರುತ್ತವೆ. ದೇಶದಲ್ಲೇ ಕಬ್ಬು ಬೆಳೆಸುವ ದೊಡ್ಡ ಯೋಜನೆ 2012-13ರಿಂದ ಇದೆ, ಆದರೂ ಬೇಡಿಕೆಯ ತೀರಾ ಸಣ್ಣ ಪಾಲಷ್ಟೇ ಅಲ್ಲಿ ಬೆಳೆಯುತ್ತದೆ. ಮೂರೇ ಮಾರಾಟಗಾರರು, ಮೂವರಿಗೂ ಡಾಲರ್ ಖರ್ಚು, ಬೆಲೆ ಯಾರು ಇಳಿಸುತ್ತಾರೆ? ಫ್ಲೇವರ್, ಸಿಟ್ರಿಕ್ ಆಸಿಡ್, ಮಷೀನಿನ ಬಿಡಿಭಾಗ ಎಲ್ಲ ಹೊರಗಿನದು. ಪ್ಲಾಸ್ಟಿಕ್ ಕಾಳು ದೇಶದಲ್ಲೇ ಸಿಕ್ಕರೂ ಬೆಲೆ ಡಾಲರ್ ಜೊತೆಗೇ ಏರುತ್ತದೆ. ಪೋರ್ಟ್ ಹಾರ್ಕೋರ್ಟ್ ಹತ್ತಿರದ ಎಲೆಮೆಯಲ್ಲಿ ಪಾಲಿಮರ್ ತಯಾರಿಸುವ ಇಂಡೋರಮಾ ನಮ್ಮ ಲೋಹಿಯಾ ಮನೆತನದ್ದು, 2006ರಲ್ಲಿ ಸರ್ಕಾರದಿಂದ ಕೊಂಡಿದ್ದು.

2015ರಲ್ಲಿ ಸುಮಾರು 200 ನೈರಾಕ್ಕೆ ಸಿಗುತ್ತಿದ್ದ ಡಾಲರ್‌ಗೆ 2024ರಲ್ಲಿ 1,500 ನೈರಾ ಆಯಿತು. ದೊಡ್ಡ ಹೊಡೆತ ಬಿದ್ದಿದ್ದು 2023ರಲ್ಲಿ. ಮೇ 29ರಂದು ಅಧ್ಯಕ್ಷ ಟಿನುಬು ಅಧಿಕಾರ ತೆಗೆದುಕೊಂಡ ದಿನವೇ ಪೆಟ್ರೋಲ್ ಸಬ್ಸಿಡಿ ಮುಗಿಯಿತು ಅಂದರು. ಜೂನ್‌ನಲ್ಲಿ ನೈರಾವನ್ನು ಮತ್ತೆ ಸಡಿಲ ಬಿಟ್ಟರು, ರೇಟು ಕೆಲವೇ ದಿನದಲ್ಲಿ 460ರ ಆಸುಪಾಸಿನಿಂದ 750ರ ಹತ್ತಿರ ಹೋಯಿತು, ಮುಂದಿನ ಫೆಬ್ರುವರಿಗೆ 1,500. ಡಾಲರ್‌ನಲ್ಲಿ ಸಾಲ ಇಟ್ಟುಕೊಂಡು ನೈರಾದಲ್ಲಿ ಮಾರುತ್ತಿದ್ದ ನೆಸ್ಲೆ ನೈಜೀರಿಯಾ, ನೈಜೀರಿಯನ್ ಬ್ರೂವರೀಸ್‌ನಂಥ ದೊಡ್ಡ ಕಂಪನಿಗಳೇ ಆ ವರ್ಷ ಭಾರಿ ನಷ್ಟ ತೋರಿಸಿದವು. ಗ್ಲ್ಯಾಕ್ಸೊಸ್ಮಿತ್‌ಕ್ಲೈನ್ ಹೊರಟೇಹೋಯಿತು, ಪ್ರಾಕ್ಟರ್ ಅಂಡ್ ಗ್ಯಾಂಬಲ್ ಅಲ್ಲಿನ ಉತ್ಪಾದನೆ ನಿಲ್ಲಿಸುತ್ತೇವೆ ಅಂತು. ಬರೀ ರೇಟಲ್ಲ, ಡಾಲರ್ ಸಿಗುವುದೇ ಒಂದು ಸಮಸ್ಯೆ. 2015ರ ಜೂನ್‌ನಲ್ಲಿ ಸೆಂಟ್ರಲ್ ಬ್ಯಾಂಕ್ 41 ವಸ್ತುಗಳ ಆಮದಿಗೆ ಬ್ಯಾಂಕಿನಲ್ಲಿ ಡಾಲರ್ ಕೊಡಲ್ಲ ಅಂತ ಪಟ್ಟಿ ಹಾಕಿತ್ತು, ಅದರಲ್ಲಿ ಹಲ್ಲುಕಡ್ಡಿಯೂ ಇತ್ತು! ಬ್ಯಾಂಕಿನಲ್ಲಿ ಸಿಗದಿದ್ದರೆ ರಸ್ತೆಯ ರೇಟು. 2017ರ ಫೆಬ್ರುವರಿಯಲ್ಲಿ ಬ್ಯಾಂಕಿನ ರೇಟು 305, ರಸ್ತೆಯದು 500ರ ಮೇಲೆ. ನೀವು ಯಾವ ರೇಟಿನಲ್ಲಿ ಬಾಟಲಿಯ ಖರ್ಚು ಲೆಕ್ಕ ಹಾಕುತ್ತೀರಿ? ಬೆಳಿಗ್ಗೆ ಹಾಕಿದ ಲೆಕ್ಕ ಸಂಜೆಗೆ ಸುಳ್ಳಾಗುತ್ತಿದ್ದ ದಿನಗಳು ಅವು. 41ರ ಪಟ್ಟಿಯನ್ನು 2023ರ ಅಕ್ಟೋಬರ್‌ನಲ್ಲಿ ತೆಗೆದರು, ರಸ್ತೆ ರೇಟಿನ ಅಂತರವೂ ಈಗ ಕಡಿಮೆಯಾಗಿದೆ. ಹೊಸಬರಿಗೆ ಇದು ಮೊದಲಿಗಿಂತ ವಾಸಿ.

ಆ ನೂರರ ಬಾಟಲಿ? ಮುಗಿಯಿತು. ಈಗ ಸಣ್ಣ ಪೆಟ್ ಬಾಟಲಿಗೂ ಮುನ್ನೂರು, ನಾನೂರು, ಅದಕ್ಕಿಂತ ಜಾಸ್ತಿಯೇ. ಕನಿಷ್ಠ ಕೂಲಿ 2024ರ ಜುಲೈನಲ್ಲಿ ತಿಂಗಳಿಗೆ 30,000ದಿಂದ 70,000 ನೈರಾ ಆಯಿತು, ಆದರೆ ಆ ವರ್ಷದ ಕೊನೆಗೆ ಹಣದುಬ್ಬರ ನೂರಕ್ಕೆ 34ರ ಆಸುಪಾಸು. ಎಪ್ಪತ್ತು ಸಾವಿರ ಅಂದರೆ ನಮ್ಮ ಸುಮಾರು ನಾಲ್ಕು ಸಾವಿರ ರೂಪಾಯಿ. ಅಷ್ಟರಲ್ಲಿ ದಿನಕ್ಕೊಂದು ಬಾಟಲಿ ಕುಡಿಯುವವರು ಎಷ್ಟು ಜನ? ನಿಮ್ಮ ಭಾವ ಇಪ್ಪತ್ತು ಕೋಟಿ ತಲೆ ಎಣಿಸಿದ್ದಾರೆ, ಜೇಬು ಎಣಿಸಿಲ್ಲ. ತುಂಬಾ ಜನರ ಕೈಯಲ್ಲಿ ಅವರು ನೋಡಿದ್ದು ನಿಜವಾಗಿ 500 ಎಂಎಲ್ ನೀರಿನ ಪೌಚು, ‘ಪ್ಯೂರ್ ವಾಟರ್’. ಹಲ್ಲಿನಲ್ಲಿ ಮೂಲೆ ಕಚ್ಚಿ ಹೀರುತ್ತಾರೆ. ಸೋಡಾದ ದೊಡ್ಡ ಪೈಪೋಟಿ ಇನ್ನೊಂದು ಸೋಡಾದ ಜೊತೆ ಇಲ್ಲ, ಈ ಪೌಚಿನ ಜೊತೆ ಇದೆ ಅಂತ ನನ್ನ ಲೆಕ್ಕ.

ಇನ್ನು ತಂಪು. ಸೆಕೆ ಇದೆ ಅಂದ ಮಾತ್ರಕ್ಕೆ ಸೋಡಾ ಮಾರಾಟವಾಗಲ್ಲ, ತಣ್ಣಗಿದ್ದರೆ ಮಾತ್ರ ಆಗುತ್ತದೆ. ಬಿಸಿ ಕೋಲಾವನ್ನು ಅಲ್ಲೂ ಯಾರೂ ಮುಟ್ಟಲ್ಲ. ದೇಶದ ಗ್ರಿಡ್ ಎಷ್ಟು ಕರೆಂಟು ಕೊಡುತ್ತದೆ ಗೊತ್ತಾ? ಸಾಮಾನ್ಯವಾಗಿ 4,000ದಿಂದ 5,000 ಮೆಗಾವ್ಯಾಟ್, ಇಪ್ಪತ್ತು ಕೋಟಿಗೂ ಮೀರಿದ ಜನಕ್ಕೆ. ನಮ್ಮ ಕರ್ನಾಟಕ ಒಂದರ ಬೇಸಿಗೆ ಬೇಡಿಕೆಯೇ 17,000 ದಾಟುತ್ತದೆ. ಫ್ಯಾಕ್ಟರಿಗಳು ಗ್ಯಾಸ್ ಅಥವಾ ಡೀಸೆಲ್ ಜನರೇಟರಿನಲ್ಲೇ ಓಡುತ್ತವೆ, ಬೋರ್‌ವೆಲ್ಲೂ ಅವರದೇ. ಅಂಗಡಿಯವರು ಸಣ್ಣ ಪೆಟ್ರೋಲ್ ಜನರೇಟರ್ ಇಟ್ಟಿರುತ್ತಾರೆ. ತೀರಾ ಪುಟ್ಟದಕ್ಕೆ ಜನ ‘ಐ ಬೆಟರ್ ಪಾಸ್ ಮೈ ನೇಬರ್’ ಅಂತಾರೆ, ಪಕ್ಕದ ಮನೆಯವನಿಗಿಂತ ನಾನೇ ವಾಸಿ ಅಂತ. ಸಬ್ಸಿಡಿ ಇದ್ದಾಗ ಲೀಟರಿಗೆ 200 ನೈರಾಕ್ಕಿಂತ ಕಡಿಮೆ ಇದ್ದ ಪೆಟ್ರೋಲು 2024ರ ಕೊನೆಗೆ ಸಾವಿರದ ಹತ್ತಿರ. ಒಂದು ಫ್ರಿಜ್‌ ತುಂಬ ಬಾಟಲಿ ತಣ್ಣಗಿಡುವ ಖರ್ಚು ಎಷ್ಟು ಪಟ್ಟು ಏರಿತು ಲೆಕ್ಕ ಹಾಕಿ. ಎಷ್ಟೋ ಅಂಗಡಿಗಳು ಫ್ರಿಜ್ ಆರಿಸಿ ಐಸ್ ಬ್ಲಾಕ್ ತಂದು ಟಬ್ಬಿನಲ್ಲಿ ಬಾಟಲಿ ಮುಳುಗಿಸುತ್ತವೆ. ಪ್ಯೂರ್ ವಾಟರ್ ಪೌಚನ್ನೇ ಗಟ್ಟಿಯಾಗಿಸಿ ಐಸ್ ಮಾಡುವವರೂ ಇದ್ದಾರೆ.

ಇಲ್ಲಿ ಹೊಸಬರಿಗೆ ಒಂದು ತೊಂದರೆ, ಒಂದು ಅನುಕೂಲ. ದೊಡ್ಡವರು ಅಂಗಡಿಗೆ ಕೆಂಪು ಫ್ರಿಜ್, ನೀಲಿ ಫ್ರಿಜ್ ಕೊಟ್ಟಿರುತ್ತಾರೆ, ಅದರೊಳಗೆ ನಿಮ್ಮ ಬಾಟಲಿ ಇಡಬಾರದು ಅಂತ ಷರತ್ತು. ಆದರೆ ಐಸಿನ ಟಬ್ಬಿಗೆ ಷರತ್ತಿಲ್ಲ. ಕರೆಂಟು ಹಾಳಾದಷ್ಟೂ ಫ್ರಿಜ್‌ನ ಬೆಲೆ ಕಡಿಮೆ, ಟಬ್ಬಿನ ಬೆಲೆ ಜಾಸ್ತಿ. ಬಿಗಿಯಂಥವರು ಬೆಳೆದಿದ್ದು ಟಬ್ಬಿನಲ್ಲಿ.

ರುಚಿಯ ವಿಷಯಕ್ಕೆ ಬಂದರೆ, ಜೀರಾ ಅಲ್ಲಿ ಓಡಲ್ಲ ಅಂತ ನನಗನಿಸುತ್ತದೆ. ಇಂಡಿಯನ್ ಸ್ಟೋರಿನಲ್ಲಿ ನಾಲ್ಕು ಕ್ರೇಟು ಹೋಗಬಹುದು. ಉಪ್ಪು-ಮಸಾಲೆ ಸೇರಿದ ಸೋಡಾ ಅಲ್ಲಿನ ಅಭ್ಯಾಸ ಅಲ್ಲ. ಅವರಿಗೆ ಸಿಹಿ ಬೇಕು, ಕೋಲಾ, ಆರೆಂಜ್, ನಿಂಬೆ, ಸೇಬು. ನಮ್ಮ ಲಿಮ್ಕಾ ಅಲ್ಲಿ ಸಿಗುತ್ತದೆ ಗೊತ್ತಾ? ಪಾರ್ಲೆಯ ರಮೇಶ್ ಚೌಹಾಣ್ ಅವರು 1993ರಲ್ಲಿ ಥಮ್ಸ್ ಅಪ್ ಜೊತೆಗೆ ಕೋಕ್‌ಗೆ ಮಾರಿದ ಅದೇ ಹೆಸರು, ಈಗ ಲಾಗೋಸ್‌ನ ಗೂಡಂಗಡಿಯಲ್ಲಿ.

ಮನೆಮಟ್ಟದ ಪಾನೀಯಗಳಲ್ಲಿ ಎರಡನ್ನು ಗಮನಿಸಿ. ಕುನು ಉತ್ತರದ ಹೌಸಾ ಜನರದು, ಸಜ್ಜೆಯಿಂದ ಮಾಡುವ, ಶುಂಠಿ-ಲವಂಗ ಹಾಕಿದ, ನಮ್ಮ ಅಂಬಲಿಯನ್ನು ಸಿಹಿ ಮಾಡಿದಂಥ ಪಾನೀಯ. ಇನ್ನೊಂದು ಜೋಬೊ. ನಮ್ಮ ಕಡೆ ಪುಂಡಿ ಪಲ್ಯ ಮಾಡುತ್ತೇವಲ್ಲ, ಆ ಜಾತಿಯ ಗಿಡದ ಕೆಂಪು ಹೂಕವಚವನ್ನು ಒಣಗಿಸಿ, ಶುಂಠಿ ಹಾಕಿ ಕುದಿಸಿ, ತಣ್ಣಗೆ ಮಾಡಿ ಹಳೇ ನೀರಿನ ಬಾಟಲಿಗೆ ತುಂಬಿ ಹೆಂಗಸರು ಮಾರುತ್ತಾರೆ. ಎರಡು-ಮೂರು ದಿನಕ್ಕೆ ಕೆಡುತ್ತದೆ. ಕಚ್ಚಾ ಮಾಲಿಗೆ ಡಾಲರ್ ಬೇಡ, ಸಕ್ಕರೆ ಬಿಟ್ಟರೆ. ಅದನ್ನು ಕೆಡದಂತೆ, ಅದೇ ರುಚಿ ಉಳಿಸಿ, ಕಡಿಮೆ ಬೆಲೆಗೆ ಪೆಟ್ ಬಾಟಲಿಗೆ ತುಂಬುವುದು ಸುಲಭದ ಕೆಲಸ ಅಲ್ಲ, ಆದರೆ ನಿಮ್ಮಂಥ ಸಣ್ಣ ಯೂನಿಟ್‌ನವರ ಕೈಗುಣ ಕೆಲಸಕ್ಕೆ ಬರುವುದು ಇಂಥ ಕಡೆ. ಹತ್ತನೇ ಕೋಲಾ ಮಾಡಿ ಏನು ಮಾಡುತ್ತೀರಿ?

ಮಾಲ್ಟ್ ಬಗ್ಗೆ ಒಂದು ಮಾತು, ಇದನ್ನು ಹೊರಗಿನವರು ಮರೆತೇಬಿಡುತ್ತಾರೆ. ಬಿಯರ್ ಕಂಪನಿಗಳೇ ತಯಾರಿಸುವ, ಮದ್ಯ ಇಲ್ಲದ, ಕಪ್ಪಗಿನ ಸಿಹಿ ಪಾನೀಯ. ಮಾಲ್ಟಿನಾ 1976ರಿಂದ ಇದೆ, ಮಾಲ್ಟಾ ಗಿನ್ನೆಸ್ 1990ರಿಂದ. ಮುಸ್ಲಿಮರು, ಮದ್ಯ ಮುಟ್ಟದ ಚರ್ಚಿನವರು, ಮಕ್ಕಳು, ಮದುವೆ, ನಾಮಕರಣ ಎಲ್ಲ ಕಡೆ ಅದೇ. ಉತ್ತರದ ಹನ್ನೆರಡು ರಾಜ್ಯಗಳಲ್ಲಿ ಶರಿಯಾ ಕಾನೂನಿದೆ, ಕಾನೊದಲ್ಲಿ ಬಿಯರ್ ಸಿಕ್ಕರೆ ಒಡೆದುಹಾಕುತ್ತಾರೆ, ಮಾಲ್ಟ್‌ಗೆ ಮಾತ್ರ ದಾರಿ ಇದೆ. 1988ರಲ್ಲಿ ಸರ್ಕಾರ ಬಾರ್ಲಿ ಆಮದನ್ನೇ ನಿಷೇಧಿಸಿದಾಗ ಕಂಪನಿಗಳು ಜೋಳಕ್ಕೆ ತಿರುಗಿದವು, ಆ ವಿದ್ಯೆ ಇವತ್ತಿಗೂ ಅವರ ಕೈಲಿದೆ. 2024ರಲ್ಲಿ ಗಿನ್ನೆಸ್ ನೈಜೀರಿಯಾದ ದೊಡ್ಡ ಪಾಲನ್ನು ಕೊಂಡವರು ಟೊಲಾರಾಮ್ ಬಳಗ, ಮೂಲತಃ ಸಿಂಧಿ ಮನೆತನ. 1988ರಲ್ಲಿ ಇಂಡೊಮಿ ನೂಡಲ್ಸನ್ನು ನೈಜೀರಿಯಾಕ್ಕೆ ತಂದು ಮನೆಮನೆಗೆ ಮುಟ್ಟಿಸಿದವರೂ ಅವರೇ. ಭಾರತೀಯರು ಅಲ್ಲಿ ಗೆದ್ದ ಉದಾಹರಣೆ ಬೇಕಾದರೆ ಇದು. ಗಿನ್ನೆಸ್ ಕೈಗೆ ಬರುವ ಹೊತ್ತಿಗೆ ಅವರು ಆ ಮಾರುಕಟ್ಟೆಯಲ್ಲಿ ಮೂವತ್ತಾರು ವರ್ಷ ಕಳೆದಿದ್ದರು.

ತೆರಿಗೆ ದೊಡ್ಡ ತಲೆನೋವಲ್ಲ. 2022ರಿಂದ ಸಿಹಿ ಪಾನೀಯಕ್ಕೆ ಲೀಟರಿಗೆ 10 ನೈರಾ ಅಬಕಾರಿ ಸುಂಕ ಇದೆ. ಹಣದುಬ್ಬರದಲ್ಲಿ ಅದು ಕರಗಿಹೋಗಿದೆ. ಏರಿಸಿ ಅಂತ ಆರೋಗ್ಯದ ಕಡೆಯವರು ಒತ್ತಾಯಿಸುತ್ತಲೇ ಇದ್ದಾರೆ, ಒಂದಲ್ಲ ಒಂದು ದಿನ ಏರುತ್ತದೆ ಅಂತ ಇಟ್ಟುಕೊಂಡೇ ಲೆಕ್ಕ ಮಾಡಿ.

ಉದ್ರಿ ಕೊಡಬೇಡಿ. ಕೊಟ್ಟರೂ ವಾರಕ್ಕಿಂತ ಜಾಸ್ತಿ ಬೇಡ. ಹೋಲ್‌ಸೇಲ್ ಡಿಪೋ ನಡೆಸುವವರಲ್ಲಿ ಎಷ್ಟೋ ಜನ ಹೆಂಗಸರು, ವ್ಯಾಪಾರದಲ್ಲಿ ಖಡಕ್, ಮಾತಿಗೆ ನಿಲ್ಲುವವರು. ಆದರೂ ನೈರಾ ದಿನದಿನ ಇಳಿಯುವಾಗ ಒಂದು ತಿಂಗಳ ಉದ್ರಿ ಅಂದರೆ ನೀವೇ ಅವರಿಗೆ ದುಡ್ಡು ಕೊಟ್ಟ ಹಾಗೆ. ನಗದಿನ ಆಟವೂ ಗೊತ್ತಿರಲಿ. 2023ರ ಶುರುವಿನಲ್ಲಿ ಹಳೇ 200, 500, 1,000ದ ನೋಟು ವಾಪಸ್ ತೆಗೆದುಕೊಂಡು ಹೊಸ ನೋಟು ಸಾಕಷ್ಟು ಬಿಡದೇ ಇದ್ದಾಗ ರಸ್ತೆ ವ್ಯಾಪಾರ ನಿಂತೇಹೋಯಿತು. ನಮ್ಮ 2016ರ ನವೆಂಬರ್ ನೆನಪಿದೆಯಲ್ಲ, ಹೆಚ್ಚುಕಡಿಮೆ ಹಾಗೇ. ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಹಳೇ ನೋಟು ನಡೆಯುತ್ತದೆ ಅಂದಮೇಲೆ ಸ್ವಲ್ಪ ಉಸಿರು ಬಂತು. ಆಮೇಲಿಂದ ಫೋನಿನಲ್ಲೇ ದುಡ್ಡು ಕಳಿಸುವುದು ಗೂಡಂಗಡಿಗೂ ಬಂದಿದೆ, ಓಪೇ, ಮನಿಪಾಯಿಂಟ್ ಎಲ್ಲ. ‘ಒಂದೇ ನೋಟು, ಒಂದು ಬಾಟಲಿ’ ಅನ್ನೋ ಹಳೇ ಕಟ್ಟು ಇದರಿಂದ ಸ್ವಲ್ಪ ಸಡಿಲ ಆಗಿದೆ. 350 ನೈರಾ ಅಂತ ಬೆಲೆ ಇಟ್ಟರೂ ಈಗ ನಡೆಯುತ್ತದೆ.

ನೀವು ನನ್ನ ತಮ್ಮನಾಗಿದ್ದರೆ ಏನು ಹೇಳುತ್ತಿದ್ದೆ ಅಂದರೆ, ಫ್ಯಾಕ್ಟರಿ ಸದ್ಯಕ್ಕೆ ಬೇಡ. ವಿದೇಶಿಯರು ಪಾಲುದಾರರಾದ ಕಂಪನಿಗೆ ಅಲ್ಲಿ ಕನಿಷ್ಠ 10 ಕೋಟಿ ನೈರಾ ಷೇರು ಬಂಡವಾಳ ತೋರಿಸಬೇಕು, ನಮ್ಮ ಅರ್ಧ ಕೋಟಿ ರೂಪಾಯಿಗಿಂತ ಜಾಸ್ತಿ. ಅದು ಬರೀ ಬಾಗಿಲು ತೆಗೆಯುವ ಖರ್ಚು, ಮಷೀನು, ಜನರೇಟರ್, ಬೋರ್‌ವೆಲ್ ಬೇರೆ. ಅದರ ಬದಲು ಪ್ಯೂರ್ ವಾಟರ್ ಮಾಡುವ ಒಳ್ಳೆಯ ಯೂನಿಟ್ ಒಂದನ್ನು ಹುಡುಕಿ. ಅವರ ಹತ್ತಿರ ನೀರಿದೆ, ಜನರೇಟರ್ ಇದೆ, ವ್ಯಾನಿದೆ, ದಿನಾ ಸರಕು ಹಾಕುವ ಅಂಗಡಿಗಳಿವೆ. ಆಹಾರ-ಔಷಧ ನಿಯಂತ್ರಿಸುವ ನಾಫ್ಡ್ಯಾಕ್ ಸಂಸ್ಥೆಯ ಪರಿಚಯವೂ ಇದೆ, ಅದರ ನೋಂದಣಿ ಸಂಖ್ಯೆ ಇಲ್ಲದೆ ಅಲ್ಲಿ ಪ್ಯಾಕ್ ಮಾಡಿದ ಪಾನೀಯ ಮಾರುವಂತಿಲ್ಲ. ಅವರಿಗೆ ಇಲ್ಲದ್ದು ಸಿರಪ್ ಮಾಡುವ, ಗ್ಯಾಸ್ ಹಿಡಿಸುವ, ಕೆಡದಂತೆ ಇಡುವ ಕೆಲಸದ ಅನುಭವ. ಅದು ನಿಮ್ಮ ಹತ್ತಿರ ಇದೆ. ಸಿದ್ಧ ಸೋಡಾ ಕಳಿಸುವಂತಿಲ್ಲ, ಆದರೆ ಫ್ಲೇವರ್, ಸಣ್ಣ ಕಾರ್ಬೊನೇಟರ್, ಕೆಲಸ ಕಲಿಸುವ ಒಬ್ಬ ಮೇಸ್ತ್ರಿಯನ್ನು ಕಾಗದಪತ್ರ ಸರಿಯಾಗಿಟ್ಟುಕೊಂಡು ಕಳಿಸಬಹುದು. ಬಾಟಲಿಗಿಷ್ಟು ಅಂತ ಪಾಲು ಮಾತಾಡಿಕೊಳ್ಳಿ. ಲಾಗೋಸ್ ಒಳಗೆ ಬೇಡ. ದೊಡ್ಡವರ ಫ್ಯಾಕ್ಟರಿಗಳಿಂದ ದೂರ ಇರುವ ಊರು ನೋಡಿ, ಅಷ್ಟು ದೂರಕ್ಕೆ ನೀರು ತುಂಬಿದ ಬಾಟಲಿಯನ್ನು ಲಾರಿಯಲ್ಲಿ ಹೊತ್ತೊಯ್ಯುವ ಖರ್ಚು ದೊಡ್ಡವರಿಗೂ ಭಾರ. ಆ ಅಂತರವೇ ನಿಮ್ಮ ಲಾಭ.

ಭಾವನವರಿಗೆ ಒಂದು ಕೆಲಸ ಹೇಳಿ. ಡಿಸೆಂಬರ್ ಸೆಕೆ ಮತ್ತು ಹಬ್ಬದ ಹೊತ್ತಿನಲ್ಲಿ ಒಂದು ಸಲ, ಜೂನ್ ಮಳೆಯಲ್ಲಿ ಇನ್ನೊಂದು ಸಲ, ಅವರ ಮನೆ ಹತ್ತಿರದ ಗೂಡಂಗಡಿಗಳಲ್ಲಿ ಮೂರು ವಿಷಯ ಬರೆದುಕೊಳ್ಳಲಿ: ಯಾವ ಸೈಜಿನ ಬಾಟಲಿ ಎಷ್ಟು ನೈರಾ, ಅದು ತಣ್ಣಗಿತ್ತಾ, ಫ್ರಿಜ್‌ನಲ್ಲಿತ್ತಾ ಐಸಿನ ಟಬ್ಬಿನಲ್ಲಿತ್ತಾ. ಜೋಬೊ ಮಾರುವ ಹೆಂಗಸರು ದಿನಕ್ಕೆ ಎಷ್ಟು ಬಾಟಲಿ ಖಾಲಿ ಮಾಡುತ್ತಾರೆ ಅಂತಲೂ ಕೇಳಲಿ, ಅವರು ಖುಷಿಯಾಗಿ ಹೇಳುತ್ತಾರೆ. ಆ ಕಾಗದ ಕೈಗೆ ಬಂದಮೇಲೆ ಮತ್ತೆ ಬರೆಯಿರಿ. ಫಿಲ್ಲಿಂಗ್ ಮಷೀನಿನ ಕೊಟೇಶನ್ ಆಮೇಲೆ ತರಿಸೋಣ.